ಜಿಲ್ಲೆಯ ಗೆರೆ ಮತ್ತು ಡಮಾಮಿಯ ದನಿ: ಬೆಳಗಾವಿ–ಖಾನಾಪುರ ಪರಿಸರದ ಸಮುದಾಯ ಕಲಾಪ್ರಯತ್ನಗಳ ಚಾರಿತ್ರಿಕ ಅವಲೋಕನ

‘ಸಮುದಾಯದ ಕಲೆ’ ಎಂಬ ಮಾತನ್ನು ನಮ್ಮಲ್ಲಿ ಎರಡು ಬೇರೆ ಬೇರೆ ಅರ್ಥಗಳಲ್ಲಿ ಬಳಸುವ ರೂಢಿ ಬೆಳೆದುಬಂದಿದೆ. ಜನಸಮುದಾಯವೊಂದು ಹೊರಗಿನವರ ಪ್ರೇರಣೆಯಿಲ್ಲದೆ, ತನ್ನ ಬದುಕಿನ ಭಾಗವಾಗಿ ತಲೆಮಾರುಗಳಿಂದ ನಡೆಸಿಕೊಂಡು ಬಂದ ಹಾಡು, ಕುಣಿತ, ಹೊಲಿಗೆ, ಆಟಗಳು ಒಂದು ಅರ್ಥ. ರಂಗಸಂಸ್ಥೆಯೋ ಸರ್ಕಾರದ ಇಲಾಖೆಯೋ ಸ್ವಯಂಸೇವಾ ಸಂಘಟನೆಯೋ ಕಲೆಯನ್ನು ಸಾಧನವಾಗಿಟ್ಟುಕೊಂಡು ಅವಕಾಶವಂಚಿತ ಜನರ ನಡುವೆ ಕೈಗೊಳ್ಳುವ ಯೋಜನೆ ಇನ್ನೊಂದು ಅರ್ಥ. ಮೊದಲನೆಯದು ಜಾನಪದ ಅಧ್ಯಯನದ ಪಾಲಿಗೆ, ಎರಡನೆಯದು ರಂಗಭೂಮಿಯ ಚರಿತ್ರೆಯ ಪಾಲಿಗೆ ಹೋಗಿದೆ. ಈ ವಿಂಗಡಣೆಯಿಂದಾಗಿ ಇವೆರಡೂ ಒಂದೇ ಜನರ ಅಂಗಳದಲ್ಲಿ ಸಂಧಿಸಿದಾಗ ಏನಾಯಿತು ಎಂಬ ಪ್ರಶ್ನೆ ಎರಡೂ ಶಿಸ್ತುಗಳ ಕೈತಪ್ಪಿ ಹೋಗಿದೆ. ಬೆಳಗಾವಿ ನಗರ ಮತ್ತು ಖಾನಾಪುರ ತಾಲೂಕಿನ ಪರಿಸರವನ್ನು, ಅದರಲ್ಲಿಯೂ ವಿಶೇಷವಾಗಿ ಖಾನಾಪುರದ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿ ಸಮುದಾಯವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಖಾನಾಪುರ ತಾಲೂಕು ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯನ್ನೂ, ಕದಂಬರ ಹಲಸಿಯನ್ನೂ, ಸಂಗೊಳ್ಳಿ ರಾಯಣ್ಣನು 1831ರಲ್ಲಿ ಗಲ್ಲಿಗೇರಿದ ನಂದಗಡವನ್ನೂ ಒಳಗೊಂಡ ಪ್ರದೇಶ. ಪಶ್ಚಿಮಕ್ಕೆ ಸಹ್ಯಾದ್ರಿಯ ದಟ್ಟ ಕಾಡು, ಪೂರ್ವಕ್ಕೆ ಬಯಲುಸೀಮೆಯ ಎರೆಮಣ್ಣು. ಮರಾಠಿ, ಕನ್ನಡ, ಕೊಂಕಣಿ, ಉರ್ದು ನಾಲ್ಕೂ ಇಲ್ಲಿನ ಸಂತೆಯ ಭಾಷೆಗಳು. ತಾಲೂಕಿನ ದಕ್ಷಿಣದ ಅಂಚು ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ಮತ್ತು ಜೋಯಿಡಾ ತಾಲೂಕುಗಳಿಗೆ ತಾಗಿಕೊಂಡಿದೆ. ಸಿದ್ದಿಗಳ ನೆಲೆಗಳು ಈ ಅಂಚಿನ ಎರಡೂ ಕಡೆ ಹರಡಿವೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಭಾಗಗಳಲ್ಲಿ ಅವರ ಸಂಖ್ಯೆ ಹೆಚ್ಚು. ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿಯೂ ಬೆಳಗಾವಿಯ ಖಾನಾಪುರದಲ್ಲಿಯೂ ಕಡಿಮೆ.

ಜಿಲ್ಲೆಗಳ ನಡುವಿನ ಈ ಗೆರೆ ಎಲ್ಲಿಂದ ಬಂತು ಎಂಬುದನ್ನು ಮೊದಲು ತಿಳಿಯಬೇಕು. ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ. ಟಿಪ್ಪುವಿನ ಪತನದ ನಂತರ 1799ರಲ್ಲಿ ಕಂಪನಿ ಸರ್ಕಾರದ ವಶವಾದ ಕೆನರಾ ಮದರಾಸು ಪ್ರಾಂತಕ್ಕೆ ಸೇರಿತು. ಪೇಶ್ವೆಯ ಅಧಿಕಾರ ಕೊನೆಗೊಂಡ 1818ರ ತರುವಾಯ ಬೆಳಗಾವಿ ಸೀಮೆ ಮುಂಬಯಿ ಪ್ರಾಂತದ ಆಡಳಿತಕ್ಕೆ ಬಂತು. 1836ರಲ್ಲಿ ಧಾರವಾಡದಿಂದ ಬೇರ್ಪಟ್ಟು ಬೆಳಗಾವಿ ಪ್ರತ್ಯೇಕ ಜಿಲ್ಲೆಯಾಯಿತು. ಉತ್ತರ ಕೆನರಾವನ್ನು ಮುಂಬಯಿಗೆ ವರ್ಗಾಯಿಸಿದ್ದು 1862ರಲ್ಲಿ. ಅಂದರೆ ಹಳಿಯಾಳದ ಕಾಡಿಗೂ ಖಾನಾಪುರದ ಕಾಡಿಗೂ ನಡುವೆ ಅಲ್ಲಿಯವರೆಗೆ ಇದ್ದದ್ದು ಎರಡು ಪ್ರಾಂತಗಳ ಗಡಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಎರಡೂ ಜಿಲ್ಲೆಗಳು ಒಂದೇ ರಾಜ್ಯಕ್ಕೆ ಬಂದರೂ ಕಂದಾಯದ ಹಳೆಯ ಗೆರೆ ಹಾಗೆಯೇ ಉಳಿಯಿತು. ಸಿದ್ದಿಗಳಿಗೆ ಈ ಗೆರೆಯ ಹಂಗು ಇರಲಿಲ್ಲ. ಪೋರ್ಚುಗೀಸರು ಪೂರ್ವ ಆಫ್ರಿಕೆಯ ಕರಾವಳಿಯಿಂದ ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಘಟ್ಟ ಹತ್ತಿದವರ ಸಂತತಿ ಇವರಲ್ಲಿ ಹೆಚ್ಚೆಂದು ವಿದ್ವಾಂಸರು ಹೇಳುತ್ತಾರೆ. ಬಿಜಾಪುರದ ಆದಿಲಶಾಹಿಯಲ್ಲಿ ಸೈನಿಕರಾಗಿಯೂ ಸರದಾರರಾಗಿಯೂ ಇದ್ದ ಹಬಶಿಗಳ ಮೂಲವೂ ಕೆಲವರಿಗೆ ಇರಬಹುದು. ಒಡೆಯನಿಂದ ಓಡಿಬಂದವನು ಕಾಡನ್ನು ನೋಡುತ್ತಾನೆಯೇ ಹೊರತು ಕಲೆಕ್ಟರನ ನಕಾಶೆಯನ್ನಲ್ಲ.

ಆದರೆ ವಿದ್ವತ್ತು ನಕಾಶೆಯನ್ನೇ ಅನುಸರಿಸಿತು. 1883ರಲ್ಲಿ ಪ್ರಕಟವಾದ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟದಲ್ಲಿ ಸಿದ್ದಿಗಳ ವಿವರವಿದೆ. ಸ್ವಾತಂತ್ರ್ಯಾನಂತರದ ಮೊದಲ ಗಂಭೀರ ಅಧ್ಯಯನವೆನ್ನಬಹುದಾದ ಟಿ. ಸಿ. ಪಾಲಾಕ್ಷಪ್ಪನವರ 1976ರ ಇಂಗ್ಲಿಷ್ ಗ್ರಂಥದ ಶೀರ್ಷಿಕೆಯೇ ‘ಉತ್ತರ ಕೆನರಾದ ಸಿದ್ದಿಗಳು’ ಎಂಬರ್ಥದ್ದು. ಪಾಲಾಕ್ಷಪ್ಪನವರ ಶ್ರಮದ ಬಗ್ಗೆ ಗೌರವವಿಟ್ಟುಕೊಂಡೇ ಹೇಳಬೇಕಾದ ಮಾತೆಂದರೆ, ಶೀರ್ಷಿಕೆಯಲ್ಲಿ ಒಮ್ಮೆ ಜಿಲ್ಲೆಯ ಹೆಸರು ಬಂದ ಮೇಲೆ ಅದು ಆ ಜನರ ವಿಶೇಷಣವಾಗಿಬಿಡುತ್ತದೆ. ‘ಉತ್ತರ ಕನ್ನಡದ ಸಿದ್ದಿಗಳು’ ಎಂಬ ಪದಪುಂಜ ಬರಹದಿಂದ ಬರಹಕ್ಕೆ ದಾಟುತ್ತ ಹೋಯಿತು. ಖಾನಾಪುರದ ಸಿದ್ದಿ ಆ ಪದಪುಂಜದ ಹೊರಗೆ ಉಳಿದನು.

ಬೆಳಗಾವಿ ನಗರದ ಕಡೆಗೆ ತಿರುಗಿದರೆ ಅಲ್ಲಿಯ ಕಲಾಜೀವನದ ಸ್ವರೂಪ ಬೇರೆ. ದಂಡಿನ ಪ್ರದೇಶ, ಪೇಟೆ, ಮರಾಠಿ ಸಂಗೀತ ನಾಟಕಗಳ ಅಭಿರುಚಿ, ಕನ್ನಡ ವೃತ್ತಿರಂಗಭೂಮಿಯ ಮೊಕ್ಕಾಂ ಇವೆಲ್ಲ ಸೇರಿ ರೂಪುಗೊಂಡ ನಗರ ಇದು. ಇಲ್ಲಿ 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನವನ್ನು ಕನ್ನಡ ಏಕೀಕರಣದ ಚರಿತ್ರೆಯಲ್ಲಿ ಹುಯಿಲಗೋಳ ನಾರಾಯಣರಾಯರ ನಾಡಗೀತೆಯೊಂದಿಗೆ ನೆನೆಯುವುದು ವಾಡಿಕೆ. ಅದೇ ಅಧಿವೇಶನದಲ್ಲಿ ಹಾಡಿದ ಬಾಲಕಿಯರಲ್ಲಿ ಮುಂದೆ ಹಿಂದೂಸ್ತಾನಿ ಸಂಗೀತದ ಮೇರು ಕಲಾವಿದೆಯಾದ ಗಂಗೂಬಾಯಿ ಹಾನಗಲ್ಲರೂ ಒಬ್ಬರು. ಆಗ ಅವರಿಗೆ ಹನ್ನೊಂದರ ಹರೆಯ. ಹಾಡಿದ ಮೇಲೆ ಊಟದ ಎಲೆ ತೆಗೆಯುವ, ನೆಲ ಬಳಿಯುವ ಕೆಲಸಕ್ಕೆ ತಮ್ಮನ್ನು ಹಚ್ಚಿಯಾರೆಂಬ ಭಯ ತಮ್ಮನ್ನು ಕಾಡುತ್ತಿತ್ತೆಂದು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಜಾತಿಯ ಕಾರಣಕ್ಕೆ ಹುಟ್ಟಿದ ಭಯವದು. ಅಸ್ಪೃಶ್ಯತಾ ನಿವಾರಣೆಯನ್ನು ಸಾರಿದ ಅಧ್ಯಕ್ಷರ ಎದುರಿನ ವೇದಿಕೆಯಲ್ಲಿ ಹಾಡುವ ಅವಕಾಶ ದೊರೆತ ಹುಡುಗಿಗೆ ವೇದಿಕೆಯಿಂದ ಇಳಿದ ನಂತರ ತನ್ನ ಸ್ಥಾನ ಯಾವುದೆಂಬ ಖಾತ್ರಿ ಇರಲಿಲ್ಲ. ನಂತರದ ಎಲ್ಲ ಸಮುದಾಯ ಕಲಾಯೋಜನೆಗಳಿಗೂ ಅನ್ವಯಿಸಬಹುದಾದ ಪ್ರಶ್ನೆ ಇದು: ಹಾಡು ಮುಗಿದ ಮೇಲೆ ಹಾಡಿದವರ ಸ್ಥಾನವೇನು?

ಖಾದಿ ಮತ್ತು ಗ್ರಾಮೋದ್ಯೋಗದ ಚಳವಳಿ ಈ ಪ್ರಶ್ನೆಗೆ ತನ್ನದೇ ಉತ್ತರ ಹುಡುಕಿತು. ‘ಕರ್ನಾಟಕ ಸಿಂಹ’ ಗಂಗಾಧರರಾವ್ ದೇಶಪಾಂಡೆಯವರ ಹುದಲಿ ಆ ಕೆಲಸದ ಕೇಂದ್ರವಾಗಿತ್ತು. 1937ರಲ್ಲಿ ಗಾಂಧೀಜಿ ಅಲ್ಲಿಗೆ ಬಂದರು. ಖಾನಾಪುರದಲ್ಲಿ ಸ್ಥಾಪಿತವಾದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇದೇ ಚಿಂತನೆಯ ಫಲ. ಖಾನಾಪುರದ ಮಣ್ಣು ಹೆಂಚು, ಇಟ್ಟಿಗೆ, ಮಡಕೆಗಳಿಗೆ ಪ್ರಸಿದ್ಧ. ಕುಂಬಾರಿಕೆಯನ್ನು ಒಂದು ಜಾತಿಯ ಕುಲಕಸುಬೆಂದು ಬಿಡದೆ, ತರಬೇತಿಯ ಮೂಲಕ ಕಲಿಯಬಹುದಾದ ವಿದ್ಯೆಯನ್ನಾಗಿ ಮಾಡಿದ್ದು ಈ ಸಂಸ್ಥೆಯ ಮಹತ್ವ. ಆದರೆ ಇಲ್ಲಿ ಕಲೆ ಎಂಬ ಮಾತಿಗಿಂತ ಉದ್ಯೋಗ ಎಂಬ ಮಾತಿಗೆ ಒತ್ತು. ಅದರ ಚರಿತ್ರೆಗೆ ಪ್ರತ್ಯೇಕ ಲೇಖನವೇ ಬೇಕು.

ರಂಗಭೂಮಿಯನ್ನು ಜನರ ಬಳಿಗೆ ಒಯ್ಯುವ ಪ್ರಯತ್ನಗಳು ಕರ್ನಾಟಕದಲ್ಲಿ 1970ರ ದಶಕದಿಂದ ಹೊಸ ರೂಪ ಪಡೆದವು. 1975ರಲ್ಲಿ ಹುಟ್ಟಿದ ‘ಸಮುದಾಯ’ ಸಂಘಟನೆ 1979ರಲ್ಲಿ ಬೀದಿನಾಟಕಗಳೊಂದಿಗೆ ರಾಜ್ಯವ್ಯಾಪಿ ಜಾಥಾ ನಡೆಸಿತು. 1990ರ ಭಾರತ ಜ್ಞಾನ ವಿಜ್ಞಾನ ಜಾಥಾ ಮತ್ತು ಆ ಬಳಿಕದ ಸಾಕ್ಷರತಾ ಆಂದೋಲನದ ಕಲಾಜಾಥಾಗಳು ಹಳ್ಳಿಗಳನ್ನು ಮುಟ್ಟಿದವು. ಇವು ಸಂದೇಶವನ್ನು ಒಯ್ಯುವ ಯಾತ್ರೆಗಳು. ತಂಡ ಬಂದು, ಆಡಿ, ಮುಂದಿನ ಊರಿಗೆ ಹೋಗುತ್ತಿತ್ತು. ಇದಕ್ಕಿಂತ ಭಿನ್ನವಾಗಿ, ಹೆಗ್ಗೋಡಿನ ನೀನಾಸಮ್ ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1983ರಿಂದ 1985ರವರೆಗೆ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ನಡೆಸಿದ ‘ಜನಸ್ಪಂದನ’ ಯೋಜನೆ, ಊರಿನವರೇ ನಾಟಕ ಕಟ್ಟುವಂತೆ ಶಿಬಿರಗಳನ್ನು ಏರ್ಪಡಿಸಿತು. ಸಿದ್ದಿಗಳು ಆಧುನಿಕ ರಂಗಭೂಮಿಗೆ ಪ್ರವೇಶಿಸಿದ್ದು ಈ ವಾತಾವರಣದಲ್ಲಿ.

1980ರ ದಶಕದ ಮಧ್ಯಭಾಗದಲ್ಲಿ ಚಿದಂಬರರಾವ್ ಜಂಬೆಯವರು ಯಲ್ಲಾಪುರ ತಾಲೂಕಿನ ಮಂಚಿಕೇರಿ ಪರಿಸರದ ಸಿದ್ದಿಗಳೊಂದಿಗೆ ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವನ್ನು ಸಿದ್ಧಗೊಳಿಸಿದರು. ಅದು ನೈಜೀರಿಯಾದ ಲೇಖಕ ಚಿನುವಾ ಅಚಿಬೆಯ 1958ರ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’ನ ರಂಗರೂಪ. ಕೂಲಿ ಮಾಡಿ, ಜಮೀನ್ದಾರರ ತೋಟಗಳಲ್ಲಿ ದುಡಿದು, ಬಣ್ಣ ಮತ್ತು ಕೂದಲಿನ ಕಾರಣಕ್ಕೆ ಹಾಸ್ಯಕ್ಕೆ ಗುರಿಯಾಗುತ್ತಿದ್ದ ಜನ ರಂಗದ ಮೇಲೆ ನಾಯಕರಾಗಿ ನಿಂತದ್ದು ಸಣ್ಣ ಸಂಗತಿಯಲ್ಲ. ಯಾವ ದೇಹವನ್ನು ಊರು ನಕ್ಕು ನೋಡುತ್ತಿತ್ತೋ ಅದೇ ದೇಹವನ್ನು ಪ್ರೇಕ್ಷಾಗೃಹ ಗೌರವದಿಂದ ನೋಡಬೇಕಾಯಿತು. ಮುಂದೆ ಗಿರಿಜಾ ಸಿದ್ದಿ, ಪ್ರಶಾಂತ ಸಿದ್ದಿಯಂತಹ ಕಲಾವಿದರು ರಂಗಭೂಮಿಯಲ್ಲಿಯೂ ಚಲನಚಿತ್ರದಲ್ಲಿಯೂ ಹೆಸರು ಪಡೆಯಲು ಈ ಪರಂಪರೆ ಹಾದಿ ಮಾಡಿಕೊಟ್ಟಿತು.

ಆದರೂ ಕೃತಿಯ ಆಯ್ಕೆಯ ಬಗ್ಗೆ ಒಂದು ಮಾತನ್ನು ಹೇಳದಿರಲಾಗದು. ಅಚಿಬೆಯ ಕಾದಂಬರಿ ಪಶ್ಚಿಮ ಆಫ್ರಿಕೆಯ ಇಗ್ಬೊ ಜನರದು. ಸಿದ್ದಿಗಳ ಪೂರ್ವಜರು ಬಹುಮಟ್ಟಿಗೆ ಪೂರ್ವ ತೀರದವರು. ತಲೆಮಾರುಗಳ ಕಾಲ ಘಟ್ಟದಲ್ಲಿ ಬಾಳಿದ ಅವರ ಮನೆಮಾತು ಕನ್ನಡ–ಮರಾಠಿ ಬೆರೆತ ಕೊಂಕಣಿ. ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸಲ್ಮಾನರು ಮೂವರೂ ಇದ್ದಾರೆ. ಇಂಥವರಿಗೆ ‘ಆಫ್ರಿಕೆಯ ಕಥೆ’ ಒಪ್ಪುತ್ತದೆ ಎಂದು ನಿರ್ಧರಿಸಿದ್ದು ಹೊರಗಿನ ಕಣ್ಣು. ಚರ್ಚಿನ ಆಗಮನದಿಂದ ಒಡೆದುಹೋಗುವ ಊರಿನ ಕಥೆಯನ್ನು ಕ್ರೈಸ್ತ ಸಿದ್ದಿಯೊಬ್ಬ ಹೇಗೆ ಗ್ರಹಿಸಬಹುದು ಎಂಬ ಪ್ರಶ್ನೆಯೂ ಏಳುತ್ತದೆ. ಪ್ರಯೋಗದ ಘನತೆಯನ್ನು ಇದು ಕುಗ್ಗಿಸುವುದಿಲ್ಲ. ಆದರೆ ಸಿದ್ದಿಗಳು ತಮ್ಮ ಬಗ್ಗೆ ತಾವೇ ಏನು ಹೇಳಿಕೊಳ್ಳುತ್ತಿದ್ದರು ಎಂಬುದನ್ನು ತಿಳಿಯಲು ಡಮಾಮಿಯ ಬಳಿಗೇ ಹೋಗಬೇಕು.

ಡಮಾಮ್ ಎರಡು ಮುಖದ ಚರ್ಮವಾದ್ಯ. ಅದರ ಬಡಿತಕ್ಕೆ ಕುಣಿಯುವ ಕುಣಿತವೇ ಡಮಾಮಿ. ಹೆಂಗಸರು ಕೊಂಕಣಿ ಸೀಮೆಯ ಇತರರಂತೆ ಫುಗಡಿಯನ್ನೂ ಆಡುತ್ತಾರೆ. ಮೂರು ಮತಗಳಿಗೆ ಹಂಚಿಹೋದ ಜನರನ್ನು ಒಂದಾಗಿ ಕೂಡಿಸುವುದು ಹಿರಿಯರ ಪೂಜೆ. ಉತ್ತರ ಕನ್ನಡದ ಕಾಡಿನಲ್ಲಿ ಸಿದ್ದಿನಾಸ್ ದೇವರ ಸನ್ನಿಧಿಯಲ್ಲಿ ನಡೆಯುವ ವಾರ್ಷಿಕ ಕೂಟಕ್ಕೆ ಮತಭೇದವಿಲ್ಲದೆ ಸಿದ್ದಿಗಳು ಸೇರುತ್ತಾರೆ. ಇಲ್ಲಿ ಕುಣಿತಕ್ಕೆ ಪ್ರೇಕ್ಷಕರೆಂಬ ಬೇರೆ ವರ್ಗವಿಲ್ಲ. ಅದೇ ಡಮಾಮಿ ನಗರದ ಉತ್ಸವದ ಮೆರವಣಿಗೆಗೆ ಬಂದಾಗ ಸಂಗತಿ ಬದಲಾಗುತ್ತದೆ. ಎಲೆಯ ಉಡುಪು ತೊಟ್ಟು, ಮುಖಕ್ಕೆ ಬಣ್ಣ ಬಳಿದುಕೊಂಡು, ‘ಕಾಡುಜನ’ರಂತೆ ಕಾಣಬೇಕೆಂಬ ನಿರೀಕ್ಷೆ ಅದಕ್ಕೆ ಅಂಟಿಕೊಳ್ಳುತ್ತದೆ. ಈ ನಿರೀಕ್ಷೆ ಪೂರೈಸಿದ ತಂಡಕ್ಕೆ ಮತ್ತೆ ಕರೆ ಬರುತ್ತದೆ. ಸಂಭಾವನೆಯ ಹಣ ಕೂಲಿಕಾರರ ಮನೆಗೆ ಬೇಕಾದದ್ದೇ. ಆದ್ದರಿಂದ ಕಲಾವಿದರನ್ನು ದೂರುವುದು ಸಲ್ಲದು.

ಬೆಳಗಾವಿ ನಗರದಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಸಾರ್ವಜನಿಕ ಕಲಾಪ್ರದರ್ಶನಗಳು ಭಾಷೆಯ ಕಾಲುವೆಗಳಲ್ಲಿ ಹರಿಯುತ್ತವೆ. ರಾಜ್ಯೋತ್ಸವದ ಮೆರವಣಿಗೆ ಕನ್ನಡದ್ದು. ಶಿವಜಯಂತಿಯ ಚಿತ್ರರಥಗಳು ಮರಾಠಿಯವು. 2011ರ ಮಾರ್ಚಿನಲ್ಲಿ ಇಲ್ಲಿ ವಿಶ್ವ ಕನ್ನಡ ಸಮ್ಮೇಳನ ನಡೆಯಿತು, 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಗೊಂಡಿತು. ಗಡಿಯ ನಗರದಲ್ಲಿ ಕನ್ನಡದ ಇರವನ್ನು ತೋರಿಸುವುದು ಇವುಗಳ ಸಹಜ ಹಾಗೂ ನ್ಯಾಯವಾದ ಆಶಯ. ಆದರೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಅಥವಾ ಮರಾಠಿ, ಸಂತೆಯಲ್ಲಿ ಎರಡನ್ನೂ ಆಡುವ ಖಾನಾಪುರದ ಸಿದ್ದಿಯ ಹಾಡಿಗೆ ಈ ಕಾಲುವೆಗಳಲ್ಲಿ ಯಾವುದೂ ತನ್ನದಲ್ಲ. ಭಾಷಾವಿವಾದ ಕಾವೇರಿದಷ್ಟೂ ಇಂಥ ಮಿಶ್ರಭಾಷೆಯ ಸಣ್ಣ ಸಮುದಾಯಗಳು ಕಾಣದಾಗುತ್ತವೆ.

ಸಿದ್ದಿಗಳಿಗಾಗಿ ಹೊರಗಿನವರು ಕೈಗೊಂಡ ಯೋಜನೆಗಳ ಆಯುಸ್ಸಿನ ವಿಷಯದಲ್ಲಿ ಕಲೆಯ ಹೊರಗಿನ ಉದಾಹರಣೆಯೊಂದು ಉಪಯುಕ್ತ. 1987ರಲ್ಲಿ, ಮಾರ್ಗರೆಟ್ ಆಳ್ವರು ಕೇಂದ್ರ ಸಚಿವೆಯಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಕ್ಷೇತ್ರ ಕ್ರೀಡಾ ಯೋಜನೆಯಡಿ ಸಿದ್ದಿ ಬಾಲಕ–ಬಾಲಕಿಯರನ್ನು ಆರಿಸಿ ತರಬೇತಿ ಕೊಟ್ಟಿತು. ಕೆಲವರು ಪದಕ ಗೆದ್ದರು. 1993ರಲ್ಲಿ ಯೋಜನೆ ನಿಂತಿತು. ಅರ್ಧದಾರಿಯಲ್ಲಿದ್ದ ಮಕ್ಕಳು ಊರಿಗೆ ಮರಳಿದರು. ಆಫ್ರಿಕೆಯ ಮೂಲದವರು ಓಟದಲ್ಲಿ ಮುಂದಿರುತ್ತಾರೆ ಎಂಬ ಊಹೆಯ ಮೇಲೆ ಕಟ್ಟಿದ ಯೋಜನೆಯದು. ಆಫ್ರಿಕೆಯ ಕಾದಂಬರಿಯ ಆಯ್ಕೆಯ ಹಿಂದೆಯೂ ಇದೇ ಬಗೆಯ ಊಹೆಯ ನೆರಳಿದೆ. ಆದರೆ ನಾಟಕ ಕಲಿತ ಕೈ ನಾಟಕವನ್ನು ಊರಿನಲ್ಲಿಯೇ ಮುಂದುವರಿಸಬಲ್ಲುದು. ಕ್ರೀಡಾಂಗಣವಿಲ್ಲದೆ ಓಟಗಾರ ಮುಂದುವರಿಯಲಾರ. ಯೋಜನೆ ನಿಂತ ಮೇಲೆಯೂ ಕಲೆ ಉಳಿದದ್ದಕ್ಕೆ ಇದೇ ಕಾರಣವಿರಬೇಕು.

ಹೊರಗಿನ ಒತ್ತಾಸೆಗಿಂತ ಬಹು ಮೊದಲೇ ಇದ್ದು, ಒತ್ತಾಸೆ ಬಂದ ಮೇಲೆ ಹೆಸರು ಪಡೆದ ಕಲೆ ಕೌದಿಯದು. ಖಾನಾಪುರದ ಸಂತೆಯಲ್ಲಿ ಈ ಒಂದು ವಸ್ತುವಿಗೆ ಹಲವು ಹೆಸರು: ಕನ್ನಡದವರಿಗೆ ಕೌದಿ, ಮರಾಠಿಯವರಿಗೆ ಗೋಧಡಿ, ಸಿದ್ದಿಗಳಿಗೆ ಕವಂದ. ಹಳೆಯ ಸೀರೆಯನ್ನು ತಳಕ್ಕೆ ಹಾಸಿ, ಅದರ ಮೇಲೆ ಸವೆದ ಬಟ್ಟೆಯ ತುಂಡುಗಳನ್ನು ಇಟ್ಟು, ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುವಂತೆ ದಾರದ ಸಾಲು ಹಾಕುವುದು ಸಿದ್ದಿ ಹೆಂಗಸರ ಕ್ರಮ. ನಾಲ್ಕು ಮೂಲೆಗಳಿಗೆ ಪದರಪದರವಾಗಿ ಮಡಿಸಿದ ತ್ರಿಕೋನದ ಬಟ್ಟೆಯನ್ನು ಹೊಲಿಯುತ್ತಾರೆ. ಅದಕ್ಕೆ ‘ಫೂಲ’, ಅಂದರೆ ಹೂವು ಎಂದು ಹೆಸರು. ಹೂವಿಲ್ಲದ ಕೌದಿ ಅವರ ಮಾತಿನಲ್ಲಿ ಬತ್ತಲೆ ಕೌದಿ. ಕ್ರೈಸ್ತರ ಕೌದಿಯಲ್ಲಿ ಶಿಲುಬೆಯೂ ಮುಸಲ್ಮಾನರದರಲ್ಲಿ ಅರ್ಧಚಂದ್ರವೂ ಕಾಣಿಸುವುದುಂಟು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ 2004ರ ಸುಮಾರಿಗೆ ಈ ಕೌದಿಗಳನ್ನು ಅಧ್ಯಯನ ಮಾಡತೊಡಗಿದರು. ಸಿದ್ದಿ ಮಹಿಳೆಯರ ಕೌದಿ ಸಹಕಾರಿ ಸಂಘಟನೆ ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಕೌದಿಗಳ ಪ್ರದರ್ಶನ ನಡೆಯಿತು. ಮಗುವಿನ ಕೆಳಗೆ ಹಾಸಿದ ಬಟ್ಟೆ ಗೋಡೆಗೆ ತೂಗುಬಿದ್ದು ಕಲಾಕೃತಿಯೆನಿಸಿತು. ಇಲ್ಲಿ ಹೊರಗಿನವರು ಹೊಸದೇನನ್ನೂ ಕಲಿಸಲಿಲ್ಲ. ಇದ್ದದ್ದಕ್ಕೆ ಕೊಳ್ಳುವವರನ್ನು ಹುಡುಕಿಕೊಟ್ಟರು. ನನ್ನ ದೃಷ್ಟಿಯಲ್ಲಿ, ಸಿದ್ದಿಗಳ ನಡುವೆ ನಡೆದ ಯೋಜನೆಗಳಲ್ಲಿ ಕಲೆಯ ಒಡೆತನ ಹೆಚ್ಚು ಮಟ್ಟಿಗೆ ಜನರ ಕೈಯಲ್ಲೇ ಉಳಿದದ್ದು ಇದರಲ್ಲಿಯೇ.

ಒಡೆತನದ ಈ ಮಾತಿಗೆ ಬೆಳಗಾವಿ ಜಿಲ್ಲೆಯಲ್ಲಿಯೇ ವಿರುದ್ಧ ದಿಕ್ಕಿನ ಉದಾಹರಣೆ ಇದೆ. ಸವದತ್ತಿ ಯಲ್ಲಮ್ಮನ ಜೋಗತಿಯರ ಚೌಡಿಕೆ ಪದ ಉತ್ತರ ಕರ್ನಾಟಕದ ಶ್ರೇಷ್ಠ ಗಾಯನಪ್ರಕಾರಗಳಲ್ಲಿ ಒಂದು. ಆದರೆ ಅದನ್ನು ಹಾಡುವ ಹಕ್ಕು ಬರುತ್ತಿದ್ದುದು ಮುತ್ತು ಕಟ್ಟಿಸಿಕೊಂಡ ಹೆಣ್ಣಿಗೆ. 1982ರ ದೇವದಾಸಿ ನಿಷೇಧ ಕಾಯಿದೆ ಮುತ್ತು ಕಟ್ಟುವುದನ್ನು ಅಪರಾಧವೆಂದು ಸಾರಿತು. 1997ರಲ್ಲಿ ಘಟಪ್ರಭೆಯಲ್ಲಿ ಮಾಜಿ ದೇವದಾಸಿಯರೇ ಸೇರಿ ಕಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಈ ಪದ್ಧತಿಯ ವಿರುದ್ಧ ಹಳ್ಳಿ ಹಳ್ಳಿಗಳಲ್ಲಿ ಕೆಲಸ ಮಾಡಿದೆ. ಇಲ್ಲಿ ಕಲೆಯನ್ನು ಉಳಿಸಬೇಕೆನ್ನುವವರು, ಕಲೆಯ ಬೇರಿಗೆ ಅಂಟಿದ ದಾಸ್ಯವನ್ನು ಏನು ಮಾಡಬೇಕೆಂದು ಉತ್ತರಿಸಬೇಕಾಗುತ್ತದೆ. ಡಮಾಮಿಗೂ ಕೌದಿಗೂ ಈ ತೊಡಕಿಲ್ಲ. ಅವು ದಾಸ್ಯದಿಂದ ತಪ್ಪಿಸಿಕೊಂಡವರ ಕಲೆಗಳು.

ಇನ್ನು ಗೆರೆಯ ವಿಷಯ. ಯಾವ ಸಮುದಾಯವನ್ನು ಪರಿಶಿಷ್ಟ ಪಂಗಡವೆಂದು ಪರಿಗಣಿಸಬೇಕು ಎಂಬುದಕ್ಕೆ 1965ರ ಲೋಕೂರ್ ಸಮಿತಿ ಗುರುತಿಸಿದ ಲಕ್ಷಣಗಳಲ್ಲಿ ‘ವಿಶಿಷ್ಟ ಸಂಸ್ಕೃತಿ’ ಒಂದು. ಅಂದರೆ ಕುಣಿತ, ಹಾಡು, ಆಚರಣೆಗಳು ಇಲ್ಲಿ ಮನರಂಜನೆಯ ವಿಷಯಗಳಾಗಿ ಉಳಿಯುವುದಿಲ್ಲ. ಶಾಲೆ, ನೌಕರಿ, ಅರಣ್ಯಭೂಮಿಯ ಹಕ್ಕುಗಳವರೆಗೆ ಅವುಗಳ ಪರಿಣಾಮ ಚಾಚುತ್ತದೆ. ಸಿದ್ದಿಗಳ ಬೇಡಿಕೆ ಈಡೇರಿದ್ದು 2003ರಲ್ಲಿ. ಆದರೆ ಕರ್ನಾಟಕದ ಪಟ್ಟಿಯಲ್ಲಿ ಸೇರಿದ ನಮೂದು ‘ಸಿದ್ದಿ (ಉತ್ತರ ಕನ್ನಡ ಜಿಲ್ಲೆಯಲ್ಲಿ)’ ಎಂದಿತ್ತು. ಹಳಿಯಾಳದ ಸಿದ್ದಿ ಪರಿಶಿಷ್ಟ ಪಂಗಡದವನಾದ. ಗೆರೆಯ ಈಚೆಗಿದ್ದ ಖಾನಾಪುರದ ಸಿದ್ದಿ, ಅದೇ ಡಮಾಮ್ ಬಾರಿಸುವವನಾದರೂ, ಆಗಲಿಲ್ಲ. ಈಚೆಯ ಹೆಣ್ಣನ್ನು ಆಚೆಗೆ ಕೊಟ್ಟು ತರುವ ಬಾಂಧವ್ಯ ಸಹಜವಾದ ಈ ಜನರಲ್ಲಿ, ಒಂದೇ ಬಳಗದೊಳಗೆ ಪ್ರಮಾಣಪತ್ರ ಇರುವವರು ಮತ್ತು ಇಲ್ಲದವರು ಎಂಬ ಎರಡು ಪಂಗಡಗಳಾದವು. 2013ರಲ್ಲಿ ಕರ್ನಾಟಕವು ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆಗೆ ಕಾಯಿದೆಯ ಬಲ ನೀಡಿದಾಗಲೂ ಗಿರಿಜನರಿಗೆಂದು ಮೀಸಲಾದ ಅನುದಾನದ ಫಲಾನುಭವಿ ಯಾರೆಂಬುದನ್ನು ನಿರ್ಧರಿಸಿದ್ದು ಇದೇ ಪಟ್ಟಿ.

ಗೆಜೆಟಿಯರಿನಿಂದ ಪಾಲಾಕ್ಷಪ್ಪನವರ ಗ್ರಂಥದವರೆಗೆ, ಮಂಚಿಕೇರಿಯ ನಾಟಕದವರೆಗೆ, ಸಿದ್ದಿ ಸಂಸ್ಕೃತಿಯ ಬರಹ ಮತ್ತು ಪ್ರಯೋಗಗಳ ದೊಡ್ಡ ಪಾಲು ಉತ್ತರ ಕನ್ನಡಕ್ಕೆ ಸಂಬಂಧಿಸಿದ್ದೇ ಆ ಆವರಣಚಿಹ್ನೆಗೆ ಕಾರಣವೆಂದು ನೇರವಾಗಿ ಹೇಳುವುದು ದುಡುಕಿನ ಮಾತಾದೀತು. ಜನಸಂಖ್ಯೆಯ ದೃಷ್ಟಿಯಿಂದಲೂ ಆ ಜಿಲ್ಲೆ ಮುಂದಿದೆ. ಆದರೆ ಬರಹದಲ್ಲಿ ಮತ್ತು ರಂಗದ ಮೇಲೆ ಕಾಣಿಸಿಕೊಂಡವರು ಕಡತದಲ್ಲಿಯೂ ಬೇಗ ಕಾಣಿಸಿಕೊಳ್ಳುತ್ತಾರೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. 2020ರಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿ ಆ ನಮೂದಿಗೆ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳನ್ನು ಸೇರಿಸಿತು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಆ ಸಮುದಾಯದಿಂದ ಶಾಸನಸಭೆ ಪ್ರವೇಶಿಸಿದ ಮೊದಲಿಗರಾದರು. 2003ರಿಂದ 2020ರವರೆಗೆ ಹದಿನೇಳು ವರ್ಷ. 2003ರಲ್ಲಿ ಒಂದನೆಯ ತರಗತಿಗೆ ಸೇರಿದ ಖಾನಾಪುರದ ಸಿದ್ದಿ ಮಗುವೊಂದು ಶಾಲೆ, ಕಾಲೇಜು ಎರಡನ್ನೂ ಮುಗಿಸಬಹುದಾಗಿದ್ದಷ್ಟು ಕಾಲ.

ಕಾಯಿದೆ ಬದಲಾದರೂ ಗ್ರಂಥಾಲಯದ ಕಪಾಟು ಬದಲಾಗಿಲ್ಲ. ಸಿದ್ದಿಗಳ ಕುರಿತ ಬರಹ ಇಂದಿಗೂ ಬಹುತೇಕ ಉತ್ತರ ಕನ್ನಡದ ಕಡೆಯಿಂದಲೇ ಆರಂಭವಾಗುತ್ತದೆ. ಖಾನಾಪುರ ಭಾಗದ ಸಿದ್ದಿಗಳ ಹಾಡುಗಳನ್ನು ಅವರು ಹಾಡುವ ಬೆರಕೆ ನುಡಿಯಲ್ಲಿಯೇ, ಕನ್ನಡಕ್ಕೋ ಮರಾಠಿಗೋ ತಿದ್ದಿ ತೀಡದೆ, ಧ್ವನಿಮುದ್ರಿಸಿ ಕನ್ನಡ ಲಿಪಿಯಲ್ಲಿ ಅರ್ಥಸಹಿತ ಪ್ರಕಟಿಸುವ ಕೆಲಸ ಆಗಬೇಕಾಗಿದೆ. ಕೌದಿಗಳನ್ನು ದಾಖಲಿಸುವಾಗ ಹೊಲಿದವಳ ಊರು ಮತ್ತು ತವರು ಎರಡನ್ನೂ ಬರೆದುಕೊಳ್ಳುವುದು ಒಳಿತು. ಮೂಲೆಯ ಹೂವನ್ನು ಮಡಿಸುವ ರೀತಿಯನ್ನು ಆಕೆ ಗೆರೆಯ ಯಾವ ಕಡೆಯಿಂದ ಕಲಿತು ತಂದಳೆಂಬುದು ಅದರಿಂದ ತಿಳಿಯುತ್ತದೆ.